ಮೊಟ್ಟೆ ಯಾರಿಗೆ, ಬಾಳೆಹಣ್ಣು ಯಾರಿಗೆ

ಮಂಡ್ಯ ಜಿಲ್ಲೆಯ ಗೆಜ್ಜಲಗೆರೆ ಈಚಿನ ವರ್ಷಗಳಲ್ಲಿ ಎರಡು ಸಲ ಪತ್ರಿಕೆಗಳ ಮುಖಪುಟ ಹತ್ತಿತು. 2022ರ ಡಿಸೆಂಬರ್ 30ರಂದು ಕೇಂದ್ರ ಸಚಿವ ಅಮಿತ್ ಶಾ ಇಲ್ಲಿ ಮಂಡ್ಯ ಹಾಲು ಒಕ್ಕೂಟದ (ಮನ್‌ಮುಲ್) ಮೆಗಾ ಡೇರಿ ಉದ್ಘಾಟಿಸಿ, ಅಮುಲ್ ಮತ್ತು ನಂದಿನಿ ಕೈಜೋಡಿಸಬೇಕೆಂದು ಹೇಳಿ ಹೋದರು. ಆ ಒಂದು ಮಾತಿನ ಮೇಲೆ ವಿಧಾನಸಭೆ ಚುನಾವಣೆಯವರೆಗೂ ಜಗಳ ನಡೆಯಿತು. 2023ರ ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಲೋಕಾರ್ಪಣೆ ಮಾಡಿದ್ದೂ ಗೆಜ್ಜಲಗೆರೆ ಕಾಲೊನಿಯ ಸಭೆಯಲ್ಲೇ. ಹಾಲೂ ಸುದ್ದಿ, ರಸ್ತೆಯೂ ಸುದ್ದಿ. ಈ ರಸ್ತೆಯ ಎಡಬಲದ ಊರುಗಳ ಸರ್ಕಾರಿ ಶಾಲೆಗಳಲ್ಲಿ ಊಟದ ಬೆಲ್ಲು ಹೊಡೆಯುವ ಮುಂಚೆ ಕೇಳುವ ಒಂದು ಪ್ರಶ್ನೆ ಮಾತ್ರ ಯಾರ ಕಿವಿಗೂ ದೊಡ್ಡದಾಗಿ ಬೀಳುವುದಿಲ್ಲ: ‘ಮೊಟ್ಟೆ ಯಾರ್ಯಾರಿಗೆ? ಬಾಳೆಹಣ್ಣು ಯಾರ್ಯಾರಿಗೆ? ಕೈ ಎತ್ತಿ.’

ನಾನಾ ಜಾತಿ, ಧರ್ಮ, ಭಾಷೆಯ ಮಕ್ಕಳು ಒಂದೇ ಸೂರಿನಡಿ ಕೂರುವ ಶಾಲೆಯಲ್ಲಿ ಮೇಷ್ಟ್ರ ಮೌಲ್ಯ ಯಾವುದಿರಬೇಕು ಎಂದು ಬರೆದಿಟ್ಟ ಕಾಗದಕ್ಕೆ ನಮ್ಮಲ್ಲಿ ಬರವಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ಹೊಡೆಯಬಾರದು, ಮನಸ್ಸು ನೋಯಿಸಬಾರದು ಎನ್ನುತ್ತದೆ. 24ನೆಯದು ಪ್ರತಿ ಮಗುವಿನ ಕಲಿಕೆಯನ್ನು ಬೇರೆಬೇರೆಯಾಗಿ ಅಳೆದು ನೋಡಬೇಕು ಎನ್ನುತ್ತದೆ. 29ನೆಯದು ಪಾಠಪಟ್ಟಿ ಸಂವಿಧಾನದ ಮೌಲ್ಯಗಳಿಗೆ ಹೊಂದಿಕೊಂಡಿರಬೇಕು ಎನ್ನುತ್ತದೆ. ಅದೇ ವರ್ಷ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು ತಂದ ಚೌಕಟ್ಟಿನ ಹೆಸರಲ್ಲೇ ‘ವೃತ್ತಿಪರ ಮತ್ತು ಮಾನವೀಯ ಶಿಕ್ಷಕ’ ಇದ್ದಾನೆ. ಸಾಲದ್ದಕ್ಕೆ 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಶಾಲೆ ಕಾಲೇಜುಗಳಲ್ಲಿ ಸಂವಿಧಾನ ಪೀಠಿಕೆ ಓದಿಸಲು ತೀರ್ಮಾನಿಸಿತು. ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ಒಬ್ಬ ಹುಡುಗಿ ಮುಂದೆ ನಿಂತು ಹೇಳುತ್ತಾಳೆ, ಉಳಿದವರು ಹಿಂದಿನಿಂದ ದನಿಗೂಡಿಸುತ್ತಾರೆ. ಒಳ್ಳೆಯದೇ. ಭ್ರಾತೃತ್ವ ಎಂಬ ಮಾತು ಏಳನೇ ಕ್ಲಾಸಿನ ಮಗುವಿನ ನಾಲಿಗೆಗೆ ದಿನಾ ಬರುವುದು ಸಣ್ಣ ಸಂಗತಿಯೇನಲ್ಲ. ಆದರೆ ಬಾಯಿಪಾಠಕ್ಕೆ ನಾಲಿಗೆ ಸಾಕು. ಅದೇ ಮಗು ಮಧ್ಯಾಹ್ನ ಜಗುಲಿಯಲ್ಲಿ ತಟ್ಟೆ ಹಿಡಿದು ಕೂತಾಗ ಪೀಠಿಕೆಯ ಪರೀಕ್ಷೆ ಶುರುವಾಗುತ್ತದೆ, ಮತ್ತು ಆ ಪರೀಕ್ಷೆ ಬರೆಯಬೇಕಾದವರು ಮೇಷ್ಟ್ರು.

ಹಾಗಾಗಿ ಈ ಬರಹ ತೂಗಿನೋಡಲು ಹೊರಟಿರುವುದು ಆ ಕಾಗದಗಳನ್ನಲ್ಲ, ಒಂದು ಆಚರಣೆಯನ್ನು: ಬಿಸಿಯೂಟದ ಮೊಟ್ಟೆ. ಕರ್ನಾಟಕದ ಶಾಲಾ ಶಿಕ್ಷಕರ ಮೌಲ್ಯಗಳನ್ನು ಇಷ್ಟು ನಿತ್ಯವಾಗಿ, ಇಷ್ಟು ನೇರವಾಗಿ ಒರೆಗೆ ಹಚ್ಚುವ ಬೇರೊಂದು ಕಾರ್ಯಕ್ರಮ ನನಗೆ ಕಾಣಿಸುತ್ತಿಲ್ಲ.

ಮೊದಲು ಹಾಲಿನ ಮಾತು, ಗೆಜ್ಜಲಗೆರೆಯಲ್ಲಿ ನಿಂತು ಅದನ್ನು ಬಿಡುವುದಾದರೂ ಹೇಗೆ. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಶುರುವಾಯಿತು. 18 ಗ್ರಾಂ ಕೆನೆಭರಿತ ಹಾಲಿನ ಪುಡಿ, 150 ಮಿ.ಲೀ. ಹಾಲು. ಕೆಲವು ಮಕ್ಕಳಿಗೆ ಪುಡಿಹಾಲಿನ ವಾಸನೆ ಸೇರಲಿಲ್ಲ, ಲೋಟಗಳು ಸಾಲಲಿಲ್ಲ, ಗಂಟುಗಂಟಾಯಿತು. ಆದರೆ ‘ಹಾಲು ಯಾರಿಗೆ ಬೇಡ’ ಎಂದು ಜಾತಿಯ ದನಿಯಲ್ಲಿ ಯಾರೂ ಕೇಳಬೇಕಾಗಲಿಲ್ಲ. 2024ರಲ್ಲಿ ವಾರಕ್ಕೆ ಮೂರು ದಿನ ಅದಕ್ಕೆ ರಾಗಿ ಮಾಲ್ಟ್ ಸೇರಿತು. ಮಂಡ್ಯದ ಮಕ್ಕಳಿಗೆ ರಾಗಿ ಹೊಸತೇ? ಅದೂ ಸದ್ದಿಲ್ಲದೆ ಒಳಗೆ ಹೋಯಿತು. ಹಾಲು, ರಾಗಿ ಎಲ್ಲರವು. ಮೊಟ್ಟೆ ಬಂದ ದಿನ ಮಾತ್ರ ಮಕ್ಕಳ ಸಾಲು ಎರಡಾಯಿತು.

ಮೊಟ್ಟೆ ಬಂದ ದಾರಿಯೂ ಅಂಕುಡೊಂಕು. 2021ರ ಡಿಸೆಂಬರ್‌ನಲ್ಲಿ ಅಪೌಷ್ಟಿಕತೆ ಹೆಚ್ಚಿದ್ದ 7 ಜಿಲ್ಲೆಗಳಲ್ಲಿ, ಬಹುಪಾಲು ಕಲ್ಯಾಣ ಕರ್ನಾಟಕದಲ್ಲಿ, ಪ್ರಾಯೋಗಿಕವಾಗಿ ಆರಂಭ. ಕೆಲವು ಮಠಾಧೀಶರು ವಿರೋಧಿಸಿದರು. ಗಂಗಾವತಿಯ ಶಾಲಾ ಬಾಲಕಿಯೊಬ್ಬಳು, ಮೊಟ್ಟೆ ಕೊಡದಿದ್ದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂಬರ್ಥದಲ್ಲಿ ಆಡಿದ ಮಾತಿನ ವಿಡಿಯೊ ನಾಡೆಲ್ಲ ಓಡಾಡಿತು. 2022ರಲ್ಲಿ ಯೋಜನೆ ರಾಜ್ಯಕ್ಕೆಲ್ಲ ಹಬ್ಬಿತು. 2023ರಲ್ಲಿ ಒಂಬತ್ತು, ಹತ್ತನೇ ತರಗತಿಗೂ ದಾಟಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಮೂರು ವರ್ಷಕ್ಕೆ 1,500 ಕೋಟಿ ರೂಪಾಯಿ ಕೊಡಲು ಒಪ್ಪಿದ ಮೇಲೆ ವಾರದ ಆರೂ ದಿನ ಮೊಟ್ಟೆ. ತಿನ್ನದವರಿಗೆ ಬಾಳೆಹಣ್ಣು, 2025ರ ಆರಂಭದವರೆಗೆ ಶೇಂಗಾ ಚಿಕ್ಕಿಯೂ ಇತ್ತು. ಮೊಟ್ಟೆಯೊಂದಕ್ಕೆ ಇಲಾಖೆ ಕಟ್ಟಿದ ಬೆಲೆ 6 ರೂಪಾಯಿ. ಬೇಯಿಸುವ ಗ್ಯಾಸು, ಸುಲಿಯುವ ಕೂಲಿಯೂ ಅದರಲ್ಲೇ. ಪೇಟೆಯ ದರ ಏರಿದ ತಿಂಗಳುಗಳಲ್ಲಿ ಮುಖ್ಯ ಶಿಕ್ಷಕರ ಜೇಬೇ ಸರ್ಕಾರದ ಖಜಾನೆ.

ಪೌಷ್ಟಿಕತೆಯ ಮಟ್ಟಿಗೆ ಯೋಜನೆಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಬೆಳೆಯುವ ಮಗುವಿಗೆ ಇಷ್ಟು ಕಡಿಮೆ ಕಾಸಿಗೆ ಇಷ್ಟು ಸತ್ವ, ಕಲಬೆರಕೆ ಮಾಡಲಾಗದ ಚಿಪ್ಪಿನೊಳಗೆ, ಬೇರೆ ಯಾವುದರಲ್ಲೂ ಬರುವುದಿಲ್ಲ. ತಿನ್ನದ ಮಗುವಿಗೆ ಬೇರೊಂದು ಕೊಡಬೇಕೆಂಬ ನಿಯಮವೂ ಸರಿಯೇ. ನನ್ನ ತಕರಾರು ಕೊಡುವ ಬಗೆಯ ಮೇಲೆ. ಆದೇಶದಲ್ಲಿ ಗ್ರಾಂ ಇದೆ, ಪೈಸೆ ಇದೆ, ದಿನ ಇದೆ. ಮಗುವನ್ನು ಹೇಗೆ ಕೇಳಬೇಕು ಎಂಬುದು ಮೇಷ್ಟ್ರ ವಿವೇಕಕ್ಕೆ ಬಿದ್ದಿದೆ. ವಿವೇಕಕ್ಕೆ ಪುರಸೊತ್ತು ಇಲ್ಲದಲ್ಲಿ ರೂಢಿ ಬರುತ್ತದೆ. ಅದೇ ಕೈ ಎತ್ತಿಸುವ ರೂಢಿ.

ಈ ರೂಢಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೂವತ್ತು ಮಕ್ಕಳ ತರಗತಿಯಲ್ಲಿ ಬಾಳೆಹಣ್ಣಿಗೆ ಐದು ಕೈ ಏಳುತ್ತವೆ ಎನ್ನಿ. ಆ ಐದು ಕೈಗಳನ್ನು ಉಳಿದ ಇಪ್ಪತ್ತೈದು ಜೊತೆ ಕಣ್ಣುಗಳು ನೋಡುತ್ತವೆ. ಯಾವ ಮನೆಯ ಮಗು ಏನು ತಿನ್ನುತ್ತದೆ ಎಂಬುದು ನಮ್ಮ ಹಳ್ಳಿಗಳಲ್ಲಿ ಗುಟ್ಟೇನಲ್ಲ, ಒಪ್ಪೋಣ. ಆದರೂ ಊರಿಗೆ ಗೊತ್ತಿರುವುದು ಬೇರೆ, ಅದನ್ನು ಶಾಲೆ ದಿನಾ ಹನ್ನೆರಡೂವರೆಗೆ ಕೈ ಎತ್ತಿಸಿ ಲೆಕ್ಕ ಹಾಕುವುದು ಬೇರೆ. ಮನೆಯಲ್ಲಿ ತಿನ್ನದ, ಆದರೆ ಗೆಳತಿಯ ತಟ್ಟೆಯಲ್ಲಿ ಬೆಳ್ಳಗೆ ಹೊಳೆಯುವುದನ್ನು ನೋಡಿ ಆಸೆಪಟ್ಟ ಹುಡುಗಿ ಇರುತ್ತಾಳೆ. ಅವಳ ಕೈ ಅರ್ಧ ಏಳುತ್ತದೆ, ಪಕ್ಕದಲ್ಲಿ ಕೂತ ದೊಡ್ಡಪ್ಪನ ಮಗಳನ್ನು ನೋಡಿ ಇಳಿಯುತ್ತದೆ. ಮನೆಯಲ್ಲಿ ತಿನ್ನುವ, ಆದರೆ ತಿನ್ನದವರ ಸಾಲೇ ದೊಡ್ಡವರ ಸಾಲು ಎಂದು ಹೇಗೋ ತಿಳಿದುಕೊಂಡ ಹುಡುಗ ಇರುತ್ತಾನೆ. ಅವನು ಬಾಳೆಹಣ್ಣಿಗೆ ಕೈ ಎತ್ತುತ್ತಾನೆ. ಈ ಎರಡನೆಯವನದೇ ನನಗೆ ಹೆಚ್ಚಿನ ಕಳವಳ. ಪಾಠಪುಸ್ತಕ ಹೇಳಿಕೊಡದ ಶ್ರೇಣಿಯನ್ನು ಅವನು ಊಟದ ಸಾಲಿನಲ್ಲಿ ಕಲಿತಿದ್ದಾನೆ.

ಇನ್ನು ಮಂಡ್ಯ ಸೀಮೆಯದೇ ಒಂದು ಸೂಕ್ಷ್ಮವಿದೆ, ಅದು ಬೆಂಗಳೂರಿನಲ್ಲಿ ಕೂತು ಆದೇಶ ಬರೆದವರ ಗಮನಕ್ಕೆ ಬಂದಂತಿಲ್ಲ. ಇಲ್ಲಿ ಹೆಚ್ಚಿನ ಮನೆಗಳು ಬಾಡು ತಿನ್ನುವ ಮನೆಗಳೇ. ಮುದ್ದೆ, ನಾಟಿಕೋಳಿ ಸಾರಿಗೆ ಹೆಸರಾದ ಸೀಮೆ. ಆದರೆ ಅದೇ ಮನೆಯಲ್ಲಿ ಸೋಮವಾರ ಒಲೆ ಮೇಲೆ ಮೊಟ್ಟೆ ಏರುವುದಿಲ್ಲ, ಕೆಲವರಿಗೆ ಶನಿವಾರ, ಇನ್ನು ಕೆಲವರಿಗೆ ಶ್ರಾವಣವಿಡೀ. ‘ಇವತ್ತು ಸ್ವಾಮಾರ ಕಣ್ ಮಿಸ್, ನಂಗೆ ಬಾಳೆಣ್ಣು’ ಎನ್ನುವ ಮಗು ಮಂಗಳವಾರ ಎರಡು ಮೊಟ್ಟೆ ಕೊಟ್ಟರೂ ಬೇಡ ಎನ್ನುವುದಿಲ್ಲ. ತಿನ್ನುವವರು, ತಿನ್ನದವರು ಎಂಬ ಎರಡು ಕಾಲಮ್ಮಿನ ಪಟ್ಟಿಯಲ್ಲಿ ಈ ಮಗು ಎಲ್ಲಿ ಕೂರಬೇಕು? ವಾರದ ಲೆಕ್ಕಕ್ಕೆ ಮೊಟ್ಟೆ ತರಿಸುವ ಮುಖ್ಯ ಶಿಕ್ಷಕರಿಗೆ ಸೋಮವಾರ ಮೊಟ್ಟೆ ಮಿಗುತ್ತದೆ, ಬಾಳೆಹಣ್ಣು ಸಾಲುವುದಿಲ್ಲ. ಜನರ ಬದುಕಿನಲ್ಲಿ ಗೆರೆ ಇಷ್ಟು ಸಡಿಲವಾಗಿದೆ, ದಿನಕ್ಕೊಂದು ಕಡೆ ಸರಿಯುತ್ತದೆ. ಅದನ್ನು ಗಟ್ಟಿ ಮಾಡಿ ಮಗುವಿನ ಹೆಸರಿನ ಮುಂದೆ ಬರೆದದ್ದು ಶಾಲೆಯ ಪಟ್ಟಿ.

ಇಂಥ ಕಡೆಯೂ ಜಗಳ ಆಗುತ್ತದೆ ಎಂಬುದಕ್ಕೆ ಆಲಕೆರೆ ಸಾಕ್ಷಿ. ಮಂಡ್ಯ ತಾಲ್ಲೂಕಿನ ಈ ಊರಿನ ಶಾಲೆಯ ಬಳಿ ವೀರಭದ್ರೇಶ್ವರ ದೇವಸ್ಥಾನವಿದೆ, ಆದ್ದರಿಂದ ಶಾಲೆಯಲ್ಲಿ ಮೊಟ್ಟೆ ಬೇಯಿಸಬಾರದು ಎಂದು ಒಂದು ಕಡೆಯವರು, ಮಕ್ಕಳಿಗೆ ಮೊಟ್ಟೆ ಬೇಕೇ ಬೇಕು ಎಂದು ಇನ್ನೊಂದು ಕಡೆಯವರು. 2025ರ ಜುಲೈನಲ್ಲಿ ಹಲವು ಪೋಷಕರು ಟಿಸಿ ತೆಗೆದುಕೊಂಡು ಮಕ್ಕಳನ್ನು ಬೇರೆ ಊರಿನ ಶಾಲೆಗಳಿಗೆ ಸೇರಿಸಿದರು. ಸ್ವಾರಸ್ಯವೆಂದರೆ ಆ ಶಾಲೆಗಳಲ್ಲೂ ಆರು ದಿನ ಮೊಟ್ಟೆ ಕೊಡಬೇಕೆಂಬ ಅದೇ ಆದೇಶವೇ ಇದೆ. ಅದಕ್ಕೆ ಏಳು ತಿಂಗಳು ಹಿಂದೆ, 2024ರ ಡಿಸೆಂಬರ್‌ನಲ್ಲಿ, ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆದಾಗಲೂ ಬಾಡೂಟದ ಮೇಲೆ ವಾಗ್ವಾದವಾಗಿ, ಕೊನೆಗೆ ಮೊಟ್ಟೆ ಬಡಿಸುವಲ್ಲಿಗೆ ಒಂದು ರಾಜಿಯಾಯಿತು. ದೊಡ್ಡವರಾದರೆ ಬೀದಿಗಿಳಿದು ಜಗಳ ಆಡಿ ತಟ್ಟೆಯ ಹಕ್ಕು ಕೇಳಬಹುದು. ಐದನೇ ಕ್ಲಾಸಿನ ಮಗುವಿಗೆ ಆ ದಾರಿ ಇಲ್ಲ. ಅದರ ಪರವಾಗಿ ಮಾತಾಡಬೇಕಾದ ಮೇಷ್ಟ್ರಿಗಾದರೂ ಇದೆಯೇ? 2001ರಿಂದ ಶಾಲೆ ನೋಡಿಕೊಳ್ಳುವುದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ), ಅಲ್ಲಿ ಪೋಷಕರದೇ ಮಾತು ನಡೆಯಬೇಕು ಎಂಬುದು ಒಳ್ಳೆಯ ಆಶಯ. ಆದರೆ ಸಮಿತಿಯಲ್ಲಿ ಊರಿನ ಬಲಾಢ್ಯರ ದನಿ ಎತ್ತರದಲ್ಲಿದ್ದರೆ, ಎದುರು ಕೂತ ಮೇಷ್ಟ್ರು ಎಷ್ಟೋ ಸಲ ವರ್ಷದ ಮಟ್ಟಿಗೆ ನೇಮಕವಾದ ಅತಿಥಿ ಶಿಕ್ಷಕಿ. ಮುಂದಿನ ಜೂನ್‌ನಲ್ಲಿ ಅವರ ಕೆಲಸವೇ ಇರುತ್ತದೋ ಇಲ್ಲವೋ. ಮೌಲ್ಯಗಳ ಭಾರವನ್ನು ಇಡೀ ವ್ಯವಸ್ಥೆಯಲ್ಲಿ ತೀರ ತೆಳ್ಳಗಿನ ಹೆಗಲ ಮೇಲೆ ಹೇರಿ, ನೆಟ್ಟಗೆ ನಿಲ್ಲು ಎಂದು ಹೇಳುತ್ತಿದ್ದೇವೆ.

ಇದೇ ಹೆಗಲ ಮೇಲೆ 2022ರ ಫೆಬ್ರುವರಿಯಲ್ಲಿ ಇನ್ನೊಂದು ಭಾರ ಬಿತ್ತು, ಹಿಜಾಬ್ ವಿವಾದದ್ದು. ಸಮವಸ್ತ್ರದ ಬಗ್ಗೆ 5ರಂದು ಸರ್ಕಾರದ ಆದೇಶ, 8ರಂದು ಮಂಡ್ಯದ ಕಾಲೇಜೊಂದರ ಅಂಗಳದಲ್ಲಿ ಘೋಷಣೆ ಕೂಗುವ ಹುಡುಗರ ನಡುವೆ ಒಬ್ಬಳೇ ನಡೆದುಹೋದ ವಿದ್ಯಾರ್ಥಿನಿ, 10ರಂದು ಹೈಕೋರ್ಟಿನ ಮಧ್ಯಂತರ ಆದೇಶ. 14ರಂದು ಪ್ರೌಢಶಾಲೆಗಳು ಬಾಗಿಲು ತೆರೆದಾಗ ಮಂಡ್ಯದ ಶಾಲೆಯೊಂದರ ಗೇಟಿನಲ್ಲಿ ಮಕ್ಕಳಿಂದ ಹಿಜಾಬ್ ತೆಗೆಸುತ್ತಿದ್ದ ಶಿಕ್ಷಕಿ, ವಾದಿಸುತ್ತಿದ್ದ ಪೋಷಕರು, ನಡುವೆ ಕ್ಯಾಮೆರಾ. ಮುಂದೆ ಮಾರ್ಚ್ 15ರಂದು ಹೈಕೋರ್ಟು ತೀರ್ಪು ಕೊಟ್ಟಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ಬೇರೆ ತೀರ್ಪು ಬರೆದರು. ದೇಶದ ಅತಿ ಎತ್ತರದ ಪೀಠದಲ್ಲೇ ಒಮ್ಮತವಾಗದ ಪ್ರಶ್ನೆಯನ್ನು ಬೆಳಿಗ್ಗೆ ಒಂಬತ್ತೂವರೆಗೆ, ಗೇಟಿನಲ್ಲಿ, ಹತ್ತು ನಿಮಿಷದಲ್ಲಿ ತೀರ್ಮಾನಿಸುವ ಕೆಲಸ ಒಬ್ಬ ಶಿಕ್ಷಕಿಗೆ ಬಂತು. ಆದೇಶ ಪಾಲಿಸಲೇಬೇಕಿತ್ತು ಎಂದು ಒಪ್ಪಿದರೂ, ಮಗುವನ್ನು ರಸ್ತೆಯಲ್ಲಿ ಎಲ್ಲರೆದುರು ನಿಲ್ಲಿಸಬೇಕೆಂದು ಯಾವ ಆದೇಶದಲ್ಲಿತ್ತು? ಒಳಗೊಂದು ಕೋಣೆಗೆ ಕರೆದು ಮಾತಾಡಬಹುದಿತ್ತು. ಅಲ್ಲೂ ಬಗೆಯದೇ ಪ್ರಶ್ನೆ.

ಬಗೆಯನ್ನು ಚೆನ್ನಾಗಿ ಯೋಚಿಸಿ ಮಾಡಿದ ಕಾರ್ಯಕ್ರಮ ನಮ್ಮಲ್ಲಿ ಇಲ್ಲವೇ ಇಲ್ಲ ಎಂದೇನಲ್ಲ. ಪಕ್ಕದ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ, ಋಷಿ ವ್ಯಾಲಿಯ ಪದ್ಧತಿ ನೋಡಿ ಬಂದ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಯುನಿಸೆಫ್ ನೆರವಿನಿಂದ ‘ನಲಿ-ಕಲಿ’ ಕಟ್ಟಿದರು. 2009–10ರಲ್ಲಿ ಅದು ರಾಜ್ಯಕ್ಕೆಲ್ಲ ಬಂತು. ಅದರಲ್ಲಿ ಮುಂದಿನ ಬೆಂಚು, ಹಿಂದಿನ ಬೆಂಚು ಇಲ್ಲ. ಶಿಕ್ಷಕರ ಪೂರ್ಣ ನೆರವಿನಲ್ಲಿ ಕಲಿಯುವ ಗುಂಪು, ಭಾಗಶಃ ನೆರವಿನದು, ಜತೆಗಾರರ ನೆರವಿನವು, ತಾನೇ ಕಲಿಯುವುದು, ಹೀಗೆ ಗುಂಪುಗಳು. ಮಗು ತನ್ನ ಕಾರ್ಡಿನ ಗುರುತು ನೋಡಿಕೊಂಡು ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಇವತ್ತು ಹೇಳಿಸಿಕೊಂಡ ಮಗು ನಾಳೆ ಹೇಳಿಕೊಡುತ್ತದೆ. ಅಕ್ಷರ ಕಲಿಸುವುದೂ ಅ ಆ ಇ ಈ ಎಂದಲ್ಲ. ರ, ಗ, ಸ, ದ, ಅ. ಐದೇ ಅಕ್ಷರಕ್ಕೆ ಸರ, ಅರಸ, ಅಗಸ, ಗರಗಸ ಎಲ್ಲ ಓದಿಬಿಡುತ್ತದೆ. ಮನೆಯಲ್ಲಿ ಪುಸ್ತಕವನ್ನೇ ಕಾಣದ ಮಗುವಿಗೆ ಮೊದಲ ತಿಂಗಳಲ್ಲೇ ‘ನಂಗೆ ಓದಕ್ ಬತ್ತದೆ’ ಅನ್ನಿಸುವುದು ಎಷ್ಟು ದೊಡ್ಡ ಮರ್ಯಾದೆ! ಕಬ್ಬು ಕಡಿಯಲು ಬಳ್ಳಾರಿ ಕಡೆಯಿಂದ ಬಂದವರ, ಆಲೆಮನೆಗೆ ಉತ್ತರ ಪ್ರದೇಶ, ಬಿಹಾರಗಳಿಂದ ಬಂದವರ, ಕೈಗಾರಿಕಾ ಪ್ರದೇಶದ ಕೂಲಿಯವರ ಮಕ್ಕಳು ವರ್ಷದ ನಡುವೆ ಬಂದು ಸೇರಿದರೂ, ಎಲ್ಲಿ ಬಿಟ್ಟಿತ್ತೋ ಅಲ್ಲಿಂದ ಹಿಡಿಯಲು ಅದರ ಕಲಿಕಾ ಏಣಿಯಲ್ಲಿ ಜಾಗವಿದೆ.

ಇದನ್ನು ಹೊಗಳುವಾಗ ಅದರ ಕೊರತೆಯನ್ನೂ ಹೇಳಬೇಕು. ಮಗು ತಾನೇ ತನ್ನ ದಾರಿ ನೋಡಿಕೊಳ್ಳಲೆಂದು ಗೋಡೆಗೆ ಬಂದ ಪ್ರಗತಿನೋಟ, ಕಾಲ ಕಳೆದಂತೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಬಂದಾಗ ತೋರಿಸುವ ಲೆಕ್ಕಪಟ್ಟಿಯಾಯಿತು. ಯಾರು ಹಿಂದಿದ್ದಾರೆ ಎಂಬುದು ಬಾಗಿಲಲ್ಲಿ ನಿಂತವರಿಗೂ ಕಾಣುವಂತಾಯಿತು. ಮೂರು ತರಗತಿಗೆ ಒಬ್ಬರೇ ಮೇಷ್ಟ್ರು ಸಾಕು ಎಂಬ ಉಳಿತಾಯದ ನೆಪವೂ ಅದಕ್ಕೆ ಅಂಟಿಕೊಂಡಿತು. ಹೆದ್ದಾರಿಯ ಪಕ್ಕ ಎದ್ದ ಕಾನ್ವೆಂಟುಗಳ ಹಳದಿ ವ್ಯಾನು ಬಾಗಿಲಿಗೇ ಬಂದ ಮೇಲೆ, ಅ ಆ ಇ ಈ ಹೇಳಿಕೊಡದ ಶಾಲೆ ಎಂದು ಪೋಷಕರು ಮೂಗು ಮುರಿದರು. ಆದರೂ ಮಕ್ಕಳ ನಡುವಿನ ವ್ಯತ್ಯಾಸವನ್ನು ಅವಮಾನವಾಗದ ಹಾಗೆ ಏರ್ಪಾಡಿನೊಳಗೇ ಇಟ್ಟ ಜಾಣ್ಮೆ ನಲಿ-ಕಲಿಯದು. ಬಿಸಿಯೂಟದ ಮೊಟ್ಟೆಗೆ ಆ ಜಾಣ್ಮೆಯ ಕಾಲುಪಾಲೂ ಬರಲಿಲ್ಲ. ಒಂದೇ ಇಲಾಖೆ, ಒಂದೇ ಕಟ್ಟಡ. ಹನ್ನೆರಡೂವರೆಯವರೆಗೆ ಒಂದು ನೀತಿ, ಆಮೇಲೆ ಇನ್ನೊಂದು.

ಮೊಟ್ಟೆಗಿಂತ ಹಳೆಯ, ಮೊಟ್ಟೆಗಿಂತ ಗಟ್ಟಿಯಾದ ಇನ್ನೊಂದು ಪ್ರಶ್ನೆ ಅಡುಗೆಕೋಣೆಯಲ್ಲಿದೆ. 2001ರ ನವೆಂಬರ್ 28ರ ಸುಪ್ರೀಂ ಕೋರ್ಟ್ ಆದೇಶದ ಮೇಲೆ ಬೇಯಿಸಿದ ಊಟ ಬಂತು. 2004ರ ಏಪ್ರಿಲ್‌ನಲ್ಲಿ ಅದೇ ಕೋರ್ಟು, ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಿ ಎಂದಿತು. ಇಪ್ಪತ್ತೊಂದು ವರ್ಷ ಕಳೆದು 2025ರ ಜೂನ್‌ನಲ್ಲಿ ಚಾಮರಾಜನಗರ ತಾಲ್ಲೂಕಿನ ಹೊಮ್ಮ ಗ್ರಾಮದ ಶಾಲೆ ಸುದ್ದಿಗೆ ಬಂದದ್ದು, ಅಡುಗೆಯವರು ದಲಿತರೆಂಬ ಕಾರಣಕ್ಕೆ ಮಕ್ಕಳನ್ನು ಬಿಡಿಸಿಕೊಂಡು ಹೋದರೆಂಬ ದೂರಿನಿಂದ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸರ್ಕಾರಿ ಶಾಲೆಗಳ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೂ ತೆರೆದಾಗ ಕೆಲವು ಕಡೆ ಮೇಲುಜಾತಿಯವರು ಮಕ್ಕಳನ್ನು ಬಿಡಿಸಿಕೊಂಡದ್ದು ಚರಿತ್ರೆ. ಶತಮಾನ ದಾಟಿದರೂ ಟಿಸಿಯೇ ಆಯುಧ.

ಇಲ್ಲಿ ಮೇಷ್ಟ್ರು ಏನು ಮಾಡಬಹುದು? ನಿಯಮದೊಳಗೇ ಒಂದು ದಾರಿ ಇದೆ, ಅದನ್ನು ಬರೆದವರಿಗೂ ಅದರ ತೂಕ ತಿಳಿದಿತ್ತೋ ಇಲ್ಲವೋ. ಮಕ್ಕಳಿಗೆ ಬಡಿಸುವ ಮುಂಚೆ ಶಿಕ್ಷಕರೊಬ್ಬರು ಊಟದ ರುಚಿ ನೋಡಿ ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಆಹಾರ ಕೆಟ್ಟಿಲ್ಲವೆಂದು ಖಾತ್ರಿ ಮಾಡಲು ತಂದ ನಿಯಮ ಇದು. ಎಷ್ಟೋ ಕಡೆ ಅದು ಒಂದು ಚಮಚ ಸಾಂಬಾರು, ಒಂದು ಸಹಿ. ತಿಂಗಳ ಸಹಿಯನ್ನು ಒಂದೇ ದಿನ ಹಾಕುವುದೂ ಉಂಟು. ಆದರೆ ಆ ಚಮಚ ಎತ್ತುವ ಜಾಗ ಯಾವುದು ಎಂಬುದರ ಮೇಲೆ ಅರ್ಥವೇ ಬದಲಾಗುತ್ತದೆ. ಮೇಷ್ಟ್ರು ತಟ್ಟೆ ಹಿಡಿದು ಜಗುಲಿಗೆ ಬಂದು, ಅಡುಗೆಯಮ್ಮನ ಕೈಯಿಂದ ಅನ್ನ ಹಾಕಿಸಿಕೊಂಡು, ಮಕ್ಕಳ ಸಾಲಿನ ನಡುವೆ ಚಕ್ಕಳಮಕ್ಕಳ ಹಾಕಿ ಕೂತು ಉಂಡರೆ, ಅದು ರುಚಿ ನೋಡುವುದಷ್ಟೇ ಆಗಿ ಉಳಿಯುವುದಿಲ್ಲ. ಅದೇ ಮೇಷ್ಟ್ರು ರಿಜಿಸ್ಟರಿಗೆ ಸಹಿ ಮಾಡಿ ಸ್ಟಾಫ್ ರೂಮಿನ ಬಾಗಿಲು ಮುಂದೆ ಮಾಡಿಕೊಂಡು ಮನೆಯ ಬುತ್ತಿ ಬಿಚ್ಚಿದರೆ, ಮಕ್ಕಳು ಅದನ್ನೂ ಓದುತ್ತಾರೆ. ಮನೆಯ ಬುತ್ತಿ ತರುವುದು ತಪ್ಪೇ ಎಂದು ಕೇಳಿದರೆ ತಪ್ಪಲ್ಲ. ಬಿಪಿ ಶುಗರು ಇರುವ ಮೇಷ್ಟ್ರು ಏನು ಮಾಡಬೇಕು. ಬುತ್ತಿಯನ್ನೂ ಜಗುಲಿಗೇ ತಂದು ಮಕ್ಕಳ ಜೊತೆ ಬಿಚ್ಚಬಹುದಲ್ಲ.

ಈ ಸೀಮೆಗೆ ಸಹಪಂಕ್ತಿ ಹೊರಗಿನಿಂದ ಬರಬೇಕಾದ ವಿಚಾರವೂ ಅಲ್ಲ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಗದ್ದುಗೆ ಇದೆ. ಆ ಪರಂಪರೆಯ ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಯಲ್ಲಿ ಬೇರೆ ಬೇರೆ ಜಾತಿಯವರು ಸಾಲಾಗಿ ಕೂತು ಉಣ್ಣುತ್ತಾರೆ, ಬಾಡನ್ನೂ. ಮಳವಳ್ಳಿ ಮದ್ದೂರುಗಳ ಎಷ್ಟು ಶಿಕ್ಷಕರ ಮನೆಗಳೇ ಆ ಒಕ್ಕಲಿಗೆ ಸೇರಿಲ್ಲ! ಜಾತ್ರೆಯಲ್ಲಿ ಸಲೀಸಾಗಿ ಆಗುವುದು ಶಾಲೆಯಲ್ಲಿ ಕಾಲಮ್ಮಿಗೆ ಸಿಕ್ಕಿ ತೊಡಕಾಗುವುದು ಏಕೆ ಎಂದು ತರಬೇತಿಗಳಲ್ಲಿ ಚರ್ಚೆಯಾಗಬೇಕಿತ್ತು. ತರಬೇತಿಗಳು ಪಿಪಿಟಿ ತೋರಿಸುತ್ತವೆ.

ಮೊಟ್ಟೆಯ ವಿಷಯದಲ್ಲಿ ಬೇಕಿರುವ ಬದಲಾವಣೆ ದುಡ್ಡು ಕೇಳುವುದಿಲ್ಲ. ಕೈ ಎತ್ತಿಸುವುದನ್ನು ಬಿಡಬೇಕು. ಸಾಂಬಾರಿನ ಪಾತ್ರೆಯ ಪಕ್ಕ ಎರಡು ಬೇಸಿನ್, ಒಂದರಲ್ಲಿ ಸುಲಿದ ಮೊಟ್ಟೆ, ಇನ್ನೊಂದರಲ್ಲಿ ಬಾಳೆಹಣ್ಣು. ಮಗು ಬರುತ್ತಾ ತನಗೆ ಬೇಕಾದ್ದು ಎತ್ತಿಕೊಳ್ಳಲಿ. ಲೆಕ್ಕ ಬೇಕಾದರೆ ಬೇಸಿನ್‌ನಲ್ಲಿ ಉಳಿದದ್ದನ್ನು ಎಣಿಸಿದರಾಯಿತು, ಮಗುವಿನ ಹೆಸರು ಬೇಕಾಗುವುದಿಲ್ಲ. ತಿನ್ನುವವರು ಒಂದು ಸಾಲು, ತಿನ್ನದವರು ಇನ್ನೊಂದು ಸಾಲು ಎಂದು ಕೂರಿಸುವುದನ್ನಂತೂ ಇಲಾಖೆ ಲಿಖಿತವಾಗಿ ನಿಲ್ಲಿಸಬೇಕು. ಮನೆಯಲ್ಲಿ ಬೇಡವೆಂದ ಮೊಟ್ಟೆಯನ್ನು ಮಗು ಎತ್ತಿಕೊಂಡರೆ ಏನು ಮಾಡುವುದು ಎಂದು ಕೇಳುವ ಮೇಷ್ಟ್ರುಗಳಿದ್ದಾರೆ, ಅವರ ಭಯ ಸುಳ್ಳಲ್ಲ. ಸಂಜೆ ಗೇಟಿಗೆ ಬರುವವರು ಅವರ ಬಳಿಗೇ ಬರುತ್ತಾರೆ. ಆಗ ಅವರ ಬೆನ್ನಿಗೆ ಬಿಇಒ ಕಚೇರಿ ನಿಲ್ಲುತ್ತದೆಂಬ ಒಂದು ಸಾಲು ಆದೇಶದಲ್ಲಿ ಇರಬೇಕು. ಈಗ ಗ್ರಾಂ, ಪೈಸೆಗಳ ನಡುವೆ ಆ ಸಾಲು ಕಾಣುವುದಿಲ್ಲ.

ಫೌಂಡೇಷನ್ನಿನ ಮೂರು ವರ್ಷ 2027ಕ್ಕೆ ಮುಗಿಯುತ್ತದೆ. ಆಮೇಲೆ ಆರು ದಿನವೂ ಉಳಿಯುತ್ತದೋ, ಮೊದಲಿನಂತೆ ಎರಡು ದಿನಕ್ಕೆ ಇಳಿಯುತ್ತದೋ ಎಂಬುದು ಆಗಿನ ಬಜೆಟ್ಟಿನ ಮೇಲಿದೆ. ಇಳಿಯುವುದಾದರೆ ಯಾವ ಎರಡು ದಿನ ಎಂಬುದನ್ನು ವಿಧಾನಸೌಧದಲ್ಲಿ ಬರೆಯುವ ಮುಂಚೆ ತಾಲ್ಲೂಕಿಗೊಂದು ಸಭೆ ಕರೆದು ಮುಖ್ಯ ಶಿಕ್ಷಕರನ್ನೂ ಅಡುಗೆಯವರನ್ನೂ ಕೇಳಲಿ. ಸೋಮವಾರ ಎಷ್ಟು ಬಾಳೆಹಣ್ಣು ಖರ್ಚಾಗುತ್ತದೆ ಎಂಬುದು ಅವರಿಗೆ ಬಾಯಲ್ಲೇ ಇದೆ.